ಕಥೆಯ ನಾಯಕ, ಅವನ ಸಿಟ್ಟು, ಅವನ ಆಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಕಥೆ ಬರೆಯಲು ಕೂತವರು ನನ್ನನ್ನು ಕೇಳುವುದರಲ್ಲಿ ಅರ್ಧಕ್ಕರ್ಧ ಇವೇ ಪ್ರಶ್ನೆಗಳು. ಕೆಲವು ಪತ್ರದಲ್ಲಿ ಬಂದವು. ಕೆಲವು ತಾಳಮದ್ದಳೆ ಮುಗಿದು ಚಾ ಕುಡಿಯುವಾಗ ಕೇಳಿದವು. ಒಂದೆರಡನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಕೇಳಿದ್ದಾರೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ.

ಉದಾಹರಣೆ ಬೇಕಾದಲ್ಲಿ ನಾನು ಬರೆಯುತ್ತಿರುವ ಕಥೆಯ ಸುಧಾಕರ ಬರುತ್ತಾನೆ. ಅವನು ಪೂರ್ತಿ ಕಟ್ಟುಕಥೆ. ಮಲ್ಪೆ ಬಂದರಿನ ಒಂದು ಮೀನಿನ ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸದಾಳು. ಅವನ ಅಪ್ಪ ಅದೇ ಧಣಿಯ ಬೋಟಿನಲ್ಲಿ 22 ವರ್ಷ ದುಡಿದವರು. ಹಗ್ಗಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳು ಹೋದ ವರ್ಷ ಧಣಿ ಲೆಕ್ಕ ತಿರುಚಿ, ಪಾಲು ಕೊಡದೆ ಮನೆಗೆ ಕಳಿಸಿದ. ಮಗ ಸೇಡಿಗೆಂದೇ ಆ ಬೋಟು ಹತ್ತಿದ್ದಾನೆ.

## ಶುರುವಿನ ಪ್ರಶ್ನೆಗಳು

ನಾಯಕ ಅಂದ್ರೆ ಒಳ್ಳೆಯವನು ಅಲ್ವಾ? ಅವನಿಗೆ ಸಿಟ್ಟು ಯಾಕೆ ಬರಬೇಕು?

ಸಿಟ್ಟೇ ಬಾರದವನು ಸಿಟ್ಟನ್ನು ಗೆಲ್ಲುವುದು ಹೇಗೆ? ಅವನ ಹತ್ತಿರ ಗೆಲ್ಲಲು ಏನೂ ಇಲ್ಲ. ಓದುವವರಿಗೆ ಅವನ ಬಗ್ಗೆ ಗೌರವ ಬರಬಹುದು, ಆದರೆ ಮುಂದಿನ ಪುಟ ತಿರುಗಿಸುವ ಹಂಬಲ ಬರುವುದಿಲ್ಲ. ಸಿಟ್ಟು ಬಂದರೆ ಸಾಲದು, ಅದು ನ್ಯಾಯದ ಸಿಟ್ಟೇ ಆಗಿರಬೇಕು ಅಂತ ನಾನು ನಂಬುತ್ತೇನೆ. ಓದುವವರು ಕೂಡ ಒಳಗೊಳಗೇ "ಹೊಡಿ ಮಾರಾಯ, ಎಂತ ನೋಡ್ತಾ ಇದ್ದಿ" ಅನ್ನಬೇಕು. ಹಾಗೆ ಅನ್ನಿಸಿದ ಮೇಲೆ ಅವನು ಕೈ ತಡೆದರೆ, ಆ ತಡೆದ ಭಾರ ಓದುವವರ ಕೈಗೂ ಬರುತ್ತದೆ.

ಸಿಟ್ಟು ಬೇರೆ, ಆಸೆ ಬೇರೆ. ಎರಡನ್ನೂ ಒಂದೇ ಕಥೆಯಲ್ಲಿ ಯಾಕೆ ತುರುಕಬೇಕು?

ತುರುಕಬೇಡಿ. ಎರಡೂ ಒಂದೇ ಗಾಯದಿಂದ ಹುಟ್ಟಲಿ. ನಾನು ಎಲ್ಲರಿಗೂ ಹೇಳುವ ಮಾತು ಇದೊಂದೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಗೀತೆಯ ಎರಡನೇ ಅಧ್ಯಾಯದ 62ನೇ ಶ್ಲೋಕದಲ್ಲಿ ಈ ದಾರಿ ಸರಿಯಾಗಿ ಇದೆ. ಒಂದು ವಸ್ತುವನ್ನೇ ನೆನೆಯುತ್ತಿದ್ದರೆ ಅದಕ್ಕೆ ಮನಸ್ಸು ಅಂಟಿಕೊಳ್ಳುತ್ತದೆ, ಅಂಟಿನಿಂದ ಆಸೆ ಹುಟ್ಟುತ್ತದೆ, ಆಸೆಯಿಂದ ಕ್ರೋಧ. ಮುಂದಿನ ಶ್ಲೋಕದಲ್ಲಿ ಮರೆವು, ಬುದ್ಧಿನಾಶ. ಕಥೆ ಬರೆಯುವವರಿಗೆ ಇದು ಸಿದ್ಧ ನಕ್ಷೆ. ನಿಮ್ಮ ನಾಯಕನ ಸಿಟ್ಟನ್ನು ಸ್ವಲ್ಪ ಅಗೆದು ನೋಡಿ, ಕೆಳಗೆ ಅವನಿಗೆ ಬೇಕಾಗಿದ್ದ, ಸಿಗದೆ ಹೋದ ಏನೋ ಒಂದು ಇರುತ್ತದೆ.

ಸುಧಾಕರನ ಸಿಟ್ಟು ಧಣಿಯ ಮೇಲೆ. ಆದರೆ ಅವನಿಗೆ ಬೇಕಾಗಿರುವುದು ಧಣಿಯ ಸಾವಲ್ಲ. ಅಪ್ಪ ಮತ್ತೆ ತಲೆ ಎತ್ತಿ ಬೋಟು ಕಟ್ಟುವ ದಕ್ಕೆಯಲ್ಲಿ ನಡೆಯಬೇಕು, ಅಷ್ಟೇ. ಧಣಿಗೆ ಇದು ಗೊತ್ತಾದ ದಿನ ಅವನು ಬೈಯುವುದಿಲ್ಲ, ಹೊಡೆಸುವುದಿಲ್ಲ. ಜಗಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು ಹೇಳುತ್ತಾನೆ: "ನಿನ್ನ ಅಪ್ಪನ ಬಾಕಿ ಪೂರ್ತಿ ಕೊಡ್ತೇನೆ. ನಿನ್ನನ್ನು ಬೋಟು ನಡೆಸುವ ತಾಂಡೇಲ ಮಾಡ್ತೇನೆ. ಮೊನ್ನೆ ಕೈ ಮುರಿದುಕೊಂಡ ಆ ಹುಡುಗನ ಲೆಕ್ಕ ಮಾತ್ರ ನಾನು ಹೇಳಿದ ಹಾಗೆ ಬರಿ." ಅಪ್ಪನಿಗೆ ಆದ ಅನ್ಯಾಯ ಸರಿಯಾಗಬೇಕಾದರೆ ಅದೇ ಅನ್ಯಾಯವನ್ನು ಇನ್ನೊಬ್ಬನಿಗೆ ಇವನೇ ಮಾಡಬೇಕು. ಈಗ ಸಿಟ್ಟಿನ ಗಂಟು, ಆಸೆಯ ಗಂಟು ಎರಡೂ ಒಂದೇ ಹಗ್ಗದಲ್ಲಿವೆ.

ಆಮಿಷ ಅಂದ್ರೆ ಹೆಣ್ಣು, ಹೆಂಡ, ದುಡ್ಡು. ಇಷ್ಟೇ ತಾನೇ?

ಅಲ್ಲ. ಇವು ಮೂರನ್ನು ನೋಡಿದ ಕೂಡಲೇ ಓದುವವರಿಗೆ ಆಮಿಷ ಬಂತು ಅಂತ ಗೊತ್ತಾಗಿಬಿಡುತ್ತದೆ. ನಿಜವಾದ ಆಮಿಷ ಕರ್ತವ್ಯದ ವೇಷ ಹಾಕಿಕೊಂಡು ಬರುತ್ತದೆ. "ಮಕ್ಕಳ ಫೀಸಿಗೆ", "ಅಮ್ಮನ ಆಪರೇಷನ್ನಿಗೆ", "ಇದೊಂದು ಸಲ". ಅದನ್ನು ಬೇಡ ಅಂದರೆ ನಾಯಕನೇ ಕಟುಕನ ಹಾಗೆ ಕಾಣಬೇಕು.

ಹೊತ್ತು ಕೂಡ ನೋಡಿ ಇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಬೋಟುಗಳೆಲ್ಲ ಸಾಲಾಗಿ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ, ಕಲಾಸಿಯ ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣಿಸುತ್ತಿರುತ್ತದೆ. ಧಣಿಯ ಮಾತು ಸುಧಾಕರನ ಕಿವಿಗೆ ಬೀಳುವುದು ಜುಲೈ ಎರಡನೇ ವಾರ. ಮೀನು ಹೊಳೆಯುವ ನವೆಂಬರಿನಲ್ಲಿ ಹೇಳಿದ್ದರೆ ಬೇಡ ಅನ್ನುವುದು ಸುಲಭ ಇತ್ತು.

## ಬರೆಯಲು ಕೂತ ಮೇಲೆ ಬರುವ ಪ್ರಶ್ನೆಗಳು

"ಅವನಿಗೆ ತುಂಬಾ ಸಿಟ್ಟು ಬಂತು" ಅಂತ ಬರೆದ್ರೆ ಚಪ್ಪೆ ಅನ್ನಿಸ್ತದೆ. ಬೇರೆ ಹೇಗೆ ಬರೆಯೋದು?

ಹೌದು, ಚಪ್ಪೆಯೇ. ಹಾಗಂತ ಅದನ್ನು "ಕೆಂಡಾಮಂಡಲನಾದ", "ಹಲ್ಲು ಕಡಿದ", "ಕಣ್ಣಿನಲ್ಲಿ ಕಿಡಿ ಹಾರಿತು" ಅಂತ ಬದಲಾಯಿಸಿದರೆ ಉಪ್ಪು ಹಾಕಿದ ಹಾಗೆ ಆಗುವುದಿಲ್ಲ. ಆ ಮಾತುಗಳು ಬಳಸಿ ಬಳಸಿ ಸವೆದಿವೆ.

ನಾನು ನೋಡಿದ ಒಂದು ಸಿಟ್ಟನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಆಸ್ತಿ ಪಾಲಿನ ಮಾತುಕತೆ ನಡೆದ ದಿನ, ನಾನಾಗ ಒಂಬತ್ತನೇ ಕ್ಲಾಸು, ದೊಡ್ಡಮಾವನಿಗೆ ಯಾರೋ ಒಬ್ಬರು ಆಡಬಾರದ ಮಾತು ಆಡಿದರು. ಮಾವ ಒಂದಕ್ಷರ ಮಾತಾಡಲಿಲ್ಲ. ಎದ್ದು ಬಾವಿಕಟ್ಟೆಗೆ ಹೋದರು. ನೀರು ಸೇದತೊಡಗಿದರು. ಕೊಡಪಾನ ತುಂಬಿತು, ಹಂಡೆ ತುಂಬಿತು, ದನದ ಬಾನಿ ತುಂಬಿತು, ಆಮೇಲೆ ತುಂಬಿಸಲು ಪಾತ್ರೆ ಇರಲಿಲ್ಲ, ಆದರೂ ಸೇದಿ ಸೇದಿ ಬಾಳೆಬುಡಕ್ಕೆ ಸುರಿಯುತ್ತಲೇ ಇದ್ದರು. ರಾಟೆಯ ಕಿರ್ ಕಿರ್ ಸದ್ದು ಒಳಗೆ ಕೂತ ಎಲ್ಲರಿಗೂ ಕೇಳುತ್ತಿತ್ತು. ಯಾರೂ ಮಾತು ಮುಂದುವರಿಸಲಿಲ್ಲ. ಮಾವನ ಮುಖ ಆ ಹೊತ್ತಿನಲ್ಲಿ ಹೇಗಿತ್ತು ಅಂತ ನನಗೆ ಇವತ್ತಿಗೂ ನೆನಪಿಲ್ಲ. ರಾಟೆಯ ಸದ್ದು ನೆನಪಿದೆ.

ನಿಮ್ಮ ನಾಯಕನ ಕೈಗೂ ಒಂದು ಕೆಲಸ ಕೊಡಿ. ಅವನ ದಿನನಿತ್ಯದ ಕೆಲಸವೇ ಆಗಿರಲಿ. ಸಿಟ್ಟು ಬಂದಾಗ ಅದೇ ಕೆಲಸ ಬೇರೆ ಥರ ನಡೆಯುತ್ತದೆ: ಬಲೆಯ ಗಂಟು ಜಾಸ್ತಿ ಬಿಗಿಯಾಗುತ್ತದೆ, ಅನ್ನ ಬಡಿಸುವ ಸೌಟು ತಟ್ಟೆಗೆ ತಾಗುತ್ತದೆ.

ಯಕ್ಷಗಾನದಲ್ಲಾದ್ರೆ ಚೆಂಡೆ ಇದೆ, ಬಣ್ಣ ಇದೆ. ನಮ್ಮ ಹತ್ರ ಬರೀ ಅಕ್ಷರ. ರೋಷ ಏರಿಸೋದು ಹೇಗೆ?

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಒಂದು ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹಾಕಿಕೊಂಡ ಅರ್ಥಧಾರಿ ಕೂತಲ್ಲೇ ಭೀಮ ಆಗಬೇಕು, ಕೌರವ ಆಗಬೇಕು. ಭಾಗವತರ ಪದ ಏರಿಸಿ ಕೊಡುತ್ತದೆ, ನಿಜ. ಆದರೆ ಪದ ನಿಂತ ಮೇಲೆ ಮುಂದಿನದ್ದೆಲ್ಲ ಅವರ ಮಾತಿನ ಮೇಲೆ.

ಗಮನಿಸಿ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಒಳ್ಳೆಯ ಅರ್ಥಧಾರಿ ರೋಷದ ತುದಿಗೆ ಬಂದಾಗ ಸ್ವರ ಏರಿಸುವುದಿಲ್ಲ, ಇಳಿಸುತ್ತಾರೆ. ವಾಕ್ಯ ಗಿಡ್ಡ ಆಗುತ್ತದೆ. ಎದುರಾಳಿಯನ್ನು ಅಲ್ಲಿಯವರೆಗೆ "ನೀನು" ಅನ್ನುತ್ತಿದ್ದವರು ಥಟ್ಟನೆ "ತಾವು" ಅಂದುಬಿಡುತ್ತಾರೆ. ಸಭೆ ಆ ಒಂದು ಪದಕ್ಕೆ ಬೆನ್ನು ನೆಟ್ಟಗೆ ಮಾಡುತ್ತದೆ. ಕನ್ನಡದಲ್ಲಿ ನಮಗಿರುವ ದೊಡ್ಡ ಅನುಕೂಲ ಇದು. ನೀನು, ನೀವು, ತಾವು, ಮಾರಾಯ, ಧಣಿಗಳೇ: ಯಾರು ಯಾರನ್ನು ಯಾವಾಗ ಹೇಗೆ ಕರೆದರು ಅನ್ನುವುದರಲ್ಲೇ ಸಿಟ್ಟಿನ ಏರಿಳಿತ ಪೂರ್ತಿ ಬರೆಯಬಹುದು. ಸುಧಾಕರ ಬೋಟಿಗೆ ಬಂದ ದಿನದಿಂದ "ಧಣಿಗಳೇ" ಅನ್ನುತ್ತಿದ್ದವನು, ಒಂದು ಸಂಜೆ ಸುಮ್ನೆ ಧಣಿಯ ಹೆಸರು ಹಿಡಿದು ಕರೆಯುತ್ತಾನೆ. ನಾನು ಆ ಅಧ್ಯಾಯದಲ್ಲಿ "ಸಿಟ್ಟು" ಅನ್ನುವ ಪದವನ್ನೇ ಬರೆದಿಲ್ಲ.

ನಾಯಕನನ್ನು ತಡೆಯೋದಕ್ಕೆ ಗುರು ಒಬ್ಬರು ಬೇಕೇ ಬೇಕಾ?

ಗಡ್ಡದ ಗುರು ಬೇಕಿಲ್ಲ. ಆದರೆ ಹೊರಗಿನಿಂದ ಒಂದು ಕೈ ಬೇಕು, ಶುರುವಿನಲ್ಲಂತೂ ಬೇಕೇ ಬೇಕು. ಯಾರೂ ಒಬ್ಬರೇ ಕೂತು ಸಿಟ್ಟನ್ನು ಕಲಿತು ಮುಗಿಸಿದ್ದನ್ನು ನಾನು ನೋಡಿಲ್ಲ.

ಮಹಾಭಾರತದ ಭೀಮನನ್ನೇ ನೋಡಿ. ದ್ಯೂತದ ಸಭೆಯಲ್ಲಿ ಅವನ ಸಿಟ್ಟು ತಿರುಗುವುದು ಸ್ವಂತ ಅಣ್ಣನ ಮೇಲೆ. ಪಗಡೆ ಆಡಿದ ಧರ್ಮರಾಯನ ಕೈಗಳನ್ನು ಸುಡುತ್ತೇನೆ, ಸಹದೇವಾ ಬೆಂಕಿ ತಾ ಅನ್ನುತ್ತಾನೆ. ಅಲ್ಲಿ ತಡೆಯುವವನು ತಮ್ಮ ಅರ್ಜುನ. ಆಮೇಲೆ ವಿರಾಟನ ಸಭೆ. ಕೀಚಕ ಎಲ್ಲರೆದುರು ದ್ರೌಪದಿಯನ್ನು ಒದೆಯುತ್ತಾನೆ. ಅಡುಗೆಯ ವಲಲನಾಗಿ ನಿಂತ ಭೀಮ ಹೊರಗಿನ ಒಂದು ಮರದ ಕಡೆ ನೋಡುತ್ತಾನೆ, ಕಿತ್ತು ಹೊಡೆಯಲು. ಕಂಕನಾಗಿ ಕೂತ ಧರ್ಮರಾಯ ಅದನ್ನು ನೋಡಿ ಹೇಳುವ ಮಾತು ಎಷ್ಟು ಸಣ್ಣದು ಗೊತ್ತಾ? ಅಡುಗೆಯವನೇ, ಸೌದೆಗೆ ಮರ ನೋಡುತ್ತಿದ್ದೀಯಾ, ಹೊರಗೆ ಹೋಗಿ ಬೇರೆ ಕಡಿ. ಅಜ್ಞಾತವಾಸ ಉಳಿಯಿತು, ಭೀಮನೂ ಉಳಿದ. ಉಪದೇಶ ಇಲ್ಲ, ಶ್ಲೋಕ ಇಲ್ಲ, ಸೌದೆಯ ಮಾತು ಮಾತ್ರ. ಭೀಮ ಅಲ್ಲಿ ಸಿಟ್ಟನ್ನು ಬಿಡಲಿಲ್ಲ, ರಾತ್ರಿಗೆ ಇಟ್ಟುಕೊಂಡ.

ಈ ದೃಶ್ಯವನ್ನು ಹತ್ತು ಸಲ ಓದಿ ಅಂತ ನಾನು ಹೇಳುವುದು ಇದಕ್ಕೇ. ತಡೆಯುವವರು ದೊಡ್ಡ ಮಾತು ಆಡಿದಷ್ಟೂ ದೃಶ್ಯ ಸಡಿಲ ಆಗುತ್ತದೆ.

ಅವನು ಎಷ್ಟು ಸಲ ಸೋಲಬೇಕು? ಒಂದೇ ಸಲಕ್ಕೆ ಗೆದ್ರೆ ಸಾಕಾಗುದಿಲ್ವಾ?

ಸಾಕಾಗುವುದಿಲ್ಲ. ಮೂರು ಸಲ ಅಂತ ಲೆಕ್ಕ ಇಡಬೇಕಾಗಿಲ್ಲ, ಆದರೆ ಪ್ರತಿ ಸೋಲೂ ಬೇರೆ ಬಾಗಿಲಿನಿಂದ ಬರಬೇಕು.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನ ಕಥೆ ಬರುತ್ತದಲ್ಲ, ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮೇನಕೆ ಬರುತ್ತಾಳೆ. ಅವನು ಸೋಲುತ್ತಾನೆ, ಹತ್ತು ವರ್ಷ ಒಂದು ದಿನದ ಹಾಗೆ ಕಳೆದುಹೋಗುತ್ತದೆ. ಎಚ್ಚರ ಆದ ಮೇಲೆ ಅವಳ ಮೇಲೆ ಕೂಗಾಡುವುದಿಲ್ಲ, ಒಳ್ಳೆಯ ಮಾತು ಆಡಿಯೇ ಕಳಿಸುತ್ತಾನೆ. ಮತ್ತೆ ತಪಸ್ಸು. ಆಮೇಲೆ ರಂಭೆ ಬರುತ್ತಾಳೆ. ಈ ಸಲ ಅವನು ಆಸೆಗೆ ಬೀಳುವುದಿಲ್ಲ, ಇಂದ್ರನ ಆಟ ಅಂತ ಗೊತ್ತಾಗುತ್ತದೆ. ಆದರೆ ಗೊತ್ತಾದ ಕೂಡಲೇ ಸಿಟ್ಟು ಬರುತ್ತದೆ, ಕಲ್ಲಾಗು ಅಂತ ಶಪಿಸುತ್ತಾನೆ. ತಪಸ್ಸು ಮತ್ತೆ ಕರಗಿತು. ಆಸೆಯನ್ನು ಗೆದ್ದ ಆ ಗಳಿಗೆಯಲ್ಲೇ ಸಿಟ್ಟಿಗೆ ಸೋತ!

ನಾನು ಇದನ್ನು ಮೊದಲ ಸಲ ಗಮನಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಎಷ್ಟು ಜನ ಒಂದು ಚಟ ಬಿಟ್ಟ ಮೇಲೆ ಮನೆಯವರ ಮೇಲೆ ಹರಿಹಾಯುತ್ತಾರೆ, ನೋಡಿದ್ದೀರಲ್ಲ.

ಕೊನೆಗೆ ಅವನು ಮಾತೇ ಆಡುವುದಿಲ್ಲ ಅಂತ ವ್ರತ ಹಿಡಿಯುತ್ತಾನೆ. ಸಾವಿರ ವರ್ಷ ಕಳೆದು, ವ್ರತ ಮುಗಿಸಿ, ಉಣ್ಣಲು ಅನ್ನ ತಯಾರಾಗಿ ಎದುರಿಗಿದೆ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಅದನ್ನೇ ಕೇಳುತ್ತಾನೆ. ಪೂರ್ತಿ ಕೊಡುತ್ತಾನೆ. ಒಂದು ಮಾತಿಲ್ಲ. ಅಪ್ಸರೆಯ ನಂತರದ ಪರೀಕ್ಷೆ ಅನ್ನ! ಇಲ್ಲಿ ಹಸಿವು ಅನ್ನುವ ಆಸೆ, ಬಾಯಿ ಮುಂದಿನದ್ದು ಹೋಯಿತು ಅನ್ನುವ ಸಿಟ್ಟು, ಎರಡೂ ಒಂದೇ ತುತ್ತಿನಲ್ಲಿವೆ. ನಿಮ್ಮ ಕಥೆಯ ಕೊನೆಯ ಪರೀಕ್ಷೆ ದೊಡ್ಡದಾಗಿರಬೇಕು ಅಂತ ಯೋಚಿಸುತ್ತಿದ್ದರೆ ಇದನ್ನು ನೆನಪಿಡಿ. ಅದು ಸಣ್ಣದಾಗಿ, ದಿನದ ಊಟದಷ್ಟು ಹತ್ತಿರದ್ದಾಗಿ ಇರಲಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಸಿಟ್ಟು ಬಿಟ್ಟ ಕೂಡಲೇ ನನ್ನ ನಾಯಕ ಹೇಡಿಯ ಹಾಗೆ ಕಾಣ್ತಾನೆ. ಎಲ್ಲಿ ತಪ್ಪಾಯ್ತು?

ಅವನು ಹೊಡೆಯಬಲ್ಲ ಅನ್ನುವುದನ್ನು ನೀವು ಮೊದಲೇ ತೋರಿಸಿಲ್ಲ. ಅಲ್ಲೇ ತಪ್ಪಾಗಿರುವುದು.

ಕಾರ್ಕಳಕ್ಕೆ ಹೋಗಿ ಗೊಮ್ಮಟನ ಕಾಲಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. 1432ರಲ್ಲಿ ನಿಲ್ಲಿಸಿದ್ದು, ಸುಮಾರು 42 ಅಡಿ, ಒಂದೇ ಕಲ್ಲು. ಆ ಭುಜ, ಆ ತೋಳು ನೋಡಿದರೆ ಇವನು ಸೋಲುವ ಹೆದರಿಕೆಯಿಂದ ಯುದ್ಧ ಬಿಟ್ಟ ಅಂತ ಯಾರಾದರೂ ಹೇಳಲು ಸಾಧ್ಯವಾ? ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲೂ ಹಾಗೆಯೇ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಅಣ್ಣ ಭರತನನ್ನು ಮೇಲಕ್ಕೆ ಎತ್ತಿದ್ದಾನೆ. ಬೀಸಿ ಒಗೆದರೆ ಮುಗಿಯಿತು. ಒಗೆಯುವುದಿಲ್ಲ, ಇಳಿಸುತ್ತಾನೆ. ರಾಜ್ಯ ಕೈಗೆ ಬಂದ ಗಳಿಗೆಯಲ್ಲೇ ಅದು ಬೇಡವಾಗುತ್ತದೆ.

ಕಥೆ ಅಲ್ಲಿಗೂ ನಿಲ್ಲುವುದಿಲ್ಲ, ನನಗೆ ಇಷ್ಟ ಆಗುವುದು ಮುಂದಿನದ್ದು. ಬಳ್ಳಿ ಹಬ್ಬುವಷ್ಟು ಕಾಲ ತಪಸ್ಸಿಗೆ ನಿಂತರೂ ಒಂದು ಮುಳ್ಳು ಒಳಗೆ ಉಳಿದಿರುತ್ತದೆ: ನಾನು ನಿಂತಿರುವುದು ಅಣ್ಣನ ನೆಲದ ಮೇಲೆ. ಸಿಟ್ಟು ಹೋದ ಮೇಲೂ ಅದರ ಬೂದಿಯಲ್ಲಿ ಕಾವು ಇರುತ್ತದೆ. ನಿಮ್ಮ ನಾಯಕ ಕ್ಷಮಿಸಿದ ಮಾರನೇ ದಿನ ಬೆಳಿಗ್ಗೆ ಹೇಗಿರುತ್ತಾನೆ? ಅದನ್ನೂ ಒಂದು ಪುಟ ಬರೆಯಿರಿ.

ಆಮಿಷ ಬೇಡ ಅಂದವನಿಗೆ ಕೊನೆಗೆ ಒಳ್ಳೆಯದು ಆಗಲೇಬೇಕಾ?

ಕೂಡಲೇ ಆಗಬಾರದು. ಬೇಡ ಅಂದ ಮರುದಿನವೇ ಲಾಟರಿ ಹೊಡೆದರೆ ಅವನು ಬಿಟ್ಟದ್ದು ಏನು? ಮೊದಲು ಪೆಟ್ಟು ಬೀಳಬೇಕು. ಅರ್ಜುನ ಊರ್ವಶಿಯನ್ನು ತಾಯಿ ಅಂದ, ಸಿಕ್ಕಿದ್ದು ಶಾಪ, ನಪುಂಸಕನಾಗು ಅಂತ. ಧರ್ಮ ಹಿಡಿದದ್ದಕ್ಕೆ ಗಾಂಡೀವಧಾರಿಗೆ ಸಿಕ್ಕಿದ ಕೂಲಿ ಅದು. ಮುಂದೆ ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿ ವರ್ಷ ಪೂರ್ತಿ ಅಡಗಿರಲು ಅದೇ ಶಾಪ ಒದಗಿ ಬಂತು, ಆದರೆ ಶಾಪ ತಗಲಿದ ದಿನ ಅವನಿಗೆ ಅದು ಗೊತ್ತಿರಲಿಲ್ಲ. ನಿಮ್ಮ ನಾಯಕನಿಗೂ ಗೊತ್ತಾಗದಿರಲಿ.

ಎಲ್ಲಾ ಬಿಟ್ಟು ಸನ್ಯಾಸಿ ಆಗೋದೇ ಗೆಲುವಾ? ನನ್ನ ನಾಯಕನಿಗೆ ಹೆಂಡತಿ, ಎರಡು ಮಕ್ಕಳು, ಬ್ಯಾಂಕ್ ಲೋನ್ ಎಲ್ಲಾ ಇದೆ.

ಈ ಪ್ರಶ್ನೆಗೆ ನಮ್ಮ ಮೂಡುಬಿದಿರೆಯಲ್ಲೇ ಉತ್ತರ ಇದೆ. 16ನೇ ಶತಮಾನದಲ್ಲಿ ರತ್ನಾಕರವರ್ಣಿ ಸಾಂಗತ್ಯ ಅನ್ನುವ ಹಾಡುವ ಛಂದಸ್ಸಿನಲ್ಲಿ ಬರೆದ ಭರತೇಶ ವೈಭವದ ನಾಯಕ ಬಾಹುಬಲಿ ಅಲ್ಲ, ಅರಮನೆಯಲ್ಲಿ ಉಳಿದ ಭರತ. ರಾಣಿಯರು, ಊಟ, ಸಂಗೀತ, ಆಸ್ಥಾನ, ಎಲ್ಲದರ ನಡುವೆ ಇದ್ದು ಅಂಟಿಕೊಳ್ಳದೆ ಇರುವವನು. ಅಣ್ಣತಮ್ಮಂದಿರ ಜಗಳವನ್ನೂ ರತ್ನಾಕರ ಕೈಕೈ ಮಿಲಾಯಿಸುವವರೆಗೆ ಬಿಡುವುದಿಲ್ಲ, ಭರತ ಮಾತಿನಲ್ಲೇ ತಮ್ಮನನ್ನು ಗೆಲ್ಲುತ್ತಾನೆ. ಹಿಂದಿನವರು ಬರೆದದ್ದನ್ನು ಹೀಗೆ ಬದಲಾಯಿಸಲು ಎಷ್ಟು ಧೈರ್ಯ ಬೇಕು!

ನಿಮ್ಮ ನಾಯಕ ಲೋನ್ ಕಂತು ಕಟ್ಟುತ್ತಾ, ಮಗಳ ಹೋಂವರ್ಕ್ ನೋಡುತ್ತಾ ಗೆಲ್ಲಲಿ. ಅದು ಬರೆಯಲು ಕಷ್ಟ, ಯಾಕೆಂದರೆ ಮನೆಯಲ್ಲಿ ಉಳಿದವನಿಗೆ ಆಮಿಷ ದಿನಾ ಬೆಳಿಗ್ಗೆ ಬಂದು ಬಾಗಿಲು ಬಡಿಯುತ್ತದೆ.

ನನ್ನ ಕಥೆಯಲ್ಲಿ ನಾಯಕಿ ಇರುವುದು. ಅವಳಿಗೆ ಹುಟ್ಟಿದಾಗಿನಿಂದ ಎಲ್ಲರೂ "ಸಿಟ್ಟು ಮಾಡ್ಬೇಡ" ಅಂತಲೇ ಹೇಳಿದ್ದಾರೆ. ನಾನೂ ಅದನ್ನೇ ಹೇಳ್ಬೇಕಾ?

ದಯವಿಟ್ಟು ಹೇಳಬೇಡಿ. ಈ ಪ್ರಶ್ನೆ ಕೇಳಿದವರಿಗೆ ನಾನು ಮನಸಾರೆ ಋಣಿ, ಯಾಕೆಂದರೆ ನಾನು ಅಲ್ಲಿಯವರೆಗೆ ಗಂಡಸರ ಸಿಟ್ಟನ್ನೇ ಮುಂದಿಟ್ಟು ಮಾತಾಡುತ್ತಿದ್ದೆ.

ನುಂಗುವುದು ಬೇರೆ, ಹತೋಟಿಗೆ ತರುವುದು ಬೇರೆ. ನುಂಗಿದವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹತೋಟಿಗೆ ತಂದವಳ ಕೈಯಲ್ಲಿ ಒಂದು ಹತಾರ ಇರುತ್ತದೆ. ಸಭೆಗೆ ಎಳೆದು ತಂದ ದ್ರೌಪದಿ ಅತ್ತಳು, ಉರಿದಳು, ಆದರೆ ಆ ಉರಿಯನ್ನು ಒಂದು ಪ್ರಶ್ನೆ ಮಾಡಿ ಎಸೆದಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣ ಇಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಂಥ ಭೀಷ್ಮನೂ ಧರ್ಮ ಸೂಕ್ಷ್ಮ ಅಂದು ಸುಮ್ಮನಾದ. ಭೀಮನ ಗದೆ ಮಾಡದ ಕೆಲಸವನ್ನು ಆ ಪ್ರಶ್ನೆ ಆ ದಿನ ಮಾಡಿತು.

ನಿಮ್ಮ ನಾಯಕಿಗೆ ಬರುವ ದೊಡ್ಡ ಆಮಿಷ ಯಾವುದು ಅಂತ ಯೋಚಿಸಿ. "ಹೋಗಲಿ ಬಿಡು, ಸುಮ್ನೆ ಯಾಕೆ ರಗಳೆ" ಅನ್ನುವ ಮಾತೇ ಆಗಿರಬಹುದು. ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ಹಣದ ಆಸೆಗಿಂತ ಕಡಿಮೆ ಏನಲ್ಲ. ಅವಳು ಗೆಲ್ಲಬೇಕಾದದ್ದು ಸಿಟ್ಟನ್ನಲ್ಲ, ಆ ಆಸೆಯನ್ನು.

ಅವನು ಗೆದ್ದ ಅಂತ ಕೊನೆಯ ದೃಶ್ಯದಲ್ಲಿ ಹೇಗೆ ತೋರಿಸೋದು? ಬಾಯಿಬಿಟ್ಟು ಹೇಳಿಸಿದ್ರೆ ಭಾಷಣ ಆಗ್ತದೆ.

ಶುರುವಿನಲ್ಲಿ ತೋರಿಸಿದ ಒಂದು ವಸ್ತುವನ್ನು ಮತ್ತೆ ತನ್ನಿ. ಅದರ ಜೊತೆ ಅವನು, ಅಥವಾ ಅವನಿಗೆ ಬೇಕಾದವರು, ಬೇರೆ ಥರ ನಡೆದುಕೊಳ್ಳಲಿ. ವಿವರಿಸಲು ಹೋಗಬೇಡಿ.

ಸುಧಾಕರನ ಕಥೆಯ ಮೊದಲ ಪುಟದಲ್ಲಿ ಅಪ್ಪ ಊಟಕ್ಕೆ ಕೂತಿದ್ದಾರೆ. ಎರಡು ಬೆರಳಿಲ್ಲದ ಬಲಗೈ ಯಾರಿಗೂ ಕಾಣಬಾರದು ಅಂತ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಣ್ಣುತ್ತಾರೆ. ಸುಧಾಕರ ಅದನ್ನು ನೋಡಲಾರದೆ ಎದ್ದು ಹೋಗುತ್ತಾನೆ.

ಕೊನೆಯಲ್ಲಿ ಧಣಿಯ ಜಗಲಿ. ಪುಸ್ತಕ ಬಿಚ್ಚಿದೆ, ಪೆನ್ನು ಕೈಯಲ್ಲಿದೆ. ಸುಧಾಕರ ಕೈ ಮುರಿದ ಹುಡುಗನ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಾನೆ. ಪುಸ್ತಕ ಮುಚ್ಚಿ ಧಣಿಯ ಕಡೆ ತಳ್ಳುತ್ತಾನೆ. ಧಣಿ ಬೈಯುತ್ತಾನೆ, ನಾಳೆಯಿಂದ ಬೋಟಿಗೆ ಬರಬೇಡ ಅನ್ನುತ್ತಾನೆ, ಅಪ್ಪನ ಹೆಸರೂ ಬಾಯಿಗೆ ಬರುತ್ತದೆ. ಸುಧಾಕರ ಮೂಲೆಯಲ್ಲಿಟ್ಟ ಕೊಡೆ ತೆಗೆದುಕೊಂಡು ಮಳೆಗೆ ಇಳಿಯುತ್ತಾನೆ.

ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಬಡಿಸಿದೆ. ಅಪ್ಪನ ತಟ್ಟೆಯಲ್ಲಿ ಒಂದೇ ಒಂದು ಒಣ ಬಂಗುಡೆ. "ಕೊಟ್ರಾ?" ಅಂತ ಅಪ್ಪ ಕೇಳುತ್ತಾರೆ. "ಇಲ್ಲ." "ಆ ಹುಡುಗನಿಗೆ?" "ಅವನಿಗೆ ಬರೆದೆ." ಅಪ್ಪ ಸ್ವಲ್ಪ ಹೊತ್ತು ಮಳೆ ನೋಡುತ್ತಾರೆ. ಆಮೇಲೆ ಮಡಿಲಿನಿಂದ ಬಲಗೈ ತೆಗೆದು, ಉಳಿದ ಮೂರು ಬೆರಳಿನಲ್ಲಿ ಬಂಗುಡೆ ಮುರಿದು, ದೊಡ್ಡ ಪಾಲನ್ನು ಮಗನ ತಟ್ಟೆಗೆ ಹಾಕುತ್ತಾರೆ.